ನಿಂತಲ್ಲೇ ನಿಂತ ಗಾಡಿ

ಡಾಕ್ಟರು: ನಿಂತಲ್ಲೇ ನಿಂತಿರೋ ಗಾಡಿಗೆ ಕೆಸರು ಎಲ್ಲಿಂದ ಬರುತ್ತೆ? ಅಷ್ಟು ಹೇಳು ಸಾಕು.

ಹೆಂಡತಿ: ಗಾಳಿಗೆ ಬರುತ್ತೆ.

ಡಾಕ್ಟರು: ಗಾಳಿಗೆ ಬರೋದು ಧೂಳು. ಇದು ಕೆಸರು. ಚಕ್ರದ ಒಳಗಡೆ ಗಟ್ಟಿಯಾಗಿ ಕೂತಿದೆ.

ಹೆಂಡತಿ: ಮೊದಲು ಧೂಳು ಬಂದು ಕೂತಿರುತ್ತೆ. ಆಮೇಲೆ ನೀವು ನೀರು ಹಾಕ್ತೀರ. ಧೂಳಿಗೆ ನೀರು ಬಿದ್ರೆ ಇನ್ನೇನಾಗುತ್ತೆ?

ಡಾಕ್ಟರು ಈ ಮಾತನ್ನು ತೂಗಿ ನೋಡಿದರು. ಅವರು ಹಲ್ಲಿನ ಡಾಕ್ಟರು. ಮನೆ ಪಕ್ಕದ ಶೆಡ್ಡಿನಲ್ಲಿ, ಕಾರಿನ ಎಡಗಡೆಯ ಹಿಂದಿನ ಚಕ್ರದ ಮುಂದೆ ಮೋಟು ಸ್ಟೂಲು ಹಾಕಿಕೊಂಡು ಕೂತಿದ್ದರು. ಒಂದು ಕೈಯಲ್ಲಿ, ರೋಗಿಗಳ ದವಡೆಹಲ್ಲಿನ ಹಿಂಬದಿ ನೋಡುವ ಪುಟ್ಟ ಕನ್ನಡಿ. ಇನ್ನೊಂದರಲ್ಲಿ ಹಲ್ಲಿನ ಪಾಚಿ ಕೆರೆಯುವ ಕೊಕ್ಕೆ. ಆ ಕನ್ನಡಿಯನ್ನು ರಿಮ್ಮಿನ ಸಂದಿಯಲ್ಲಿ ತೂರಿಸಿ, ನಟ್ಟುಗಳ ಸುತ್ತ ಕೊಕ್ಕೆಯಲ್ಲಿ ಮೆಲ್ಲಗೆ ಕೆರೆಯುತ್ತಿದ್ದರು. ಪಕ್ಕದಲ್ಲಿ ಎರಡು ಬಕೆಟ್ಟು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿ ನೀರು. ಅದರ ಬಟ್ಟೆ ಇದಕ್ಕೆ, ಇದರ ಬಟ್ಟೆ ಅದಕ್ಕೆ ಅದ್ದಿದರೆ ಡಾಕ್ಟರದು ಆವತ್ತಿಡೀ ಮಾತಿಲ್ಲ ಕತೆಯಿಲ್ಲ. ಏಳು ವರ್ಷದಿಂದ ಪ್ರತಿ ಭಾನುವಾರ ಇದೇ ಆಗಿತ್ತು.

ಕಾರು ಮನೆಗೆ ಬಂದ ವಾರವೇ ಕೆಲಸ ಹಂಚಿಕೆಯಾಗಿತ್ತು. ಹೊರಗಡೆ ಅವರದು: ಸೋಪು, ಪಾಲಿಶು, ವ್ಯಾಕ್ಸು. ಒಳಗಡೆ ಅವಳದು: ಸೀಟು, ಮ್ಯಾಟು, ಗಾಜಿನ ಒಳಮೈ. ಅವರು ಒಳಗೆ ಇಣುಕುತ್ತಿರಲಿಲ್ಲ. ಕ್ಲಿನಿಕ್ಕು ಎರಡು ಬೀದಿಯಾಚೆ, ನಡೆದೇ ಹೋಗುತ್ತಿದ್ದರು. ನೆಂಟರ ಮದುವೆಗೆ ಬಸ್ಸು, ಏಕೆಂದರೆ ರಸ್ತೆಯ ಧೂಳಿಗೆ ಪಾಲಿಶ್ ಹಾಳು. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬಂದು ಸರ್ವಿಸಿಗೆ ಒಯ್ಯುವುದು ಬಿಟ್ಟರೆ ಗಾಡಿ ಗೇಟು ದಾಟಿಲ್ಲ ಎಂಬುದು ಅವರ ನಂಬಿಕೆ.

ಗಾಡಿ ದಿನಾ ಗೇಟು ದಾಟುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ, ಅವರು ಕ್ಲಿನಿಕ್ಕಿಗೆ ಹೋಗಿ ಅರ್ಧ ಗಂಟೆಗೆ, ಹೆಂಡತಿ ಅದನ್ನು ಊರಾಚೆಯ ಮುಚ್ಚಿದ ಕಾರ್ಖಾನೆಯ ಮೈದಾನಕ್ಕೆ ಒಯ್ದು ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಿದ್ದಳು. ಮೊದಲು ತಂಗಿಗೆ ಕಲಿಸಿದಳು. ತಂಗಿ ಗೆಳತಿಯನ್ನು ಕರೆತಂದಳು. ಹಾಗೇ ಬೆಳೆಯಿತು. ಗಂಡನಿಗೆ ಮೊದಲ ವಾರವೇ ಹೇಳಬೇಕೆಂದಿದ್ದಳು. ಆದರೆ ಅವರು ಆಗಷ್ಟೇ ಮೊದಲ ಸಲ ವ್ಯಾಕ್ಸ್ ಹಾಕಿ, ಹಸುಗೂಸನ್ನು ನೋಡುವ ಹಾಗೆ ಗಾಡಿಯನ್ನು ನೋಡುತ್ತ ನಿಂತಿದ್ದರು. ಬಾಯಿ ಬರಲಿಲ್ಲ. ಒಂದು ವಾರ ಮುಚ್ಚಿಟ್ಟದ್ದು ಎರಡನೇ ವಾರಕ್ಕೆ ಇನ್ನಷ್ಟು ಭಾರವಾಯಿತು. ಈಗ ಏಳು ವರ್ಷದ ಭಾರ.

ಇವತ್ತು ಹನ್ನೊಂದು ಗಂಟೆಗೆ ಗಾಡಿ ಕೊಳ್ಳುವವರು ಬರುತ್ತಾರೆ. ಗಾಡಿ ಹೋದರೆ ಅವಳ ಕ್ಲಾಸೂ ಹೋಯಿತು. ಆರು ಜನ ಕಲಿಯುತ್ತಿದ್ದಾರೆ. ಅವರಲ್ಲಿ ಒಬ್ಬ ನರ್ಸಿಗೆ ಮಂಗಳವಾರ ಲೈಸೆನ್ಸ್ ಟೆಸ್ಟು. 

ಹೆಂಡತಿ: ಇಷ್ಟು ಚೆನ್ನಾಗಿರೋ ಗಾಡೀನ ಮಾರೋದ್ಯಾಕ್ರೀ?

ಡಾಕ್ಟರು: ನನ್ನ ಸೊಂಟ ಕೇಳ್ತಾ ಇಲ್ಲ ಕಣೇ. ಎಲ್ಲಿಗೂ ಹೋಗದ ಗಾಡಿಗೆ ವಾರಕ್ಕೆ ನಾಲ್ಕು ಗಂಟೆ ಸೇವೆ.

ಹೆಂಡತಿ: ಹಾಗಾದ್ರೆ ಎಲ್ಲಿಗಾದ್ರೂ ತಗೊಂಡು ಹೋಗಿ.

ಡಾಕ್ಟರು: ಪಾಲಿಶ್ ಹಾಕಿದ ಮೇಲೆ?

ಹೆಂಡತಿ: ಹಾಕೋಕೆ ಮುಂಚೆ.

ಡಾಕ್ಟರು: ಕೊಳಕು ಗಾಡೀಲಿ ಹೋಗೋದಾ? ನೋಡಿದೋರು ಏನಂದ್ಕೋತಾರೆ?

ಈ ಲೆಕ್ಕದಲ್ಲಿ ಅವಳು ಏಳು ವರ್ಷದಿಂದ ಒಂದು ಸಲವೂ ಗೆದ್ದಿರಲಿಲ್ಲ. ಅಷ್ಟರಲ್ಲಿ ಅವರು ಕನ್ನಡಿಯನ್ನು ರಿಮ್ಮಿನ ಅಂಚಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

ಡಾಕ್ಟರು: ಇಲ್ಲಿ ನೋಡು. ಅಂಚೆಲ್ಲ ತರಚಿದೆ. ಹೋದ ವಾರ ಇರಲಿಲ್ಲ.

ಹೆಂಡತಿ: ನಾಯಿ ಕಚ್ಚಿರಬೇಕು.

ಡಾಕ್ಟರು: ರಿಮ್ಮನ್ನ?

ಹೆಂಡತಿ: ಹಲ್ಲಿನ ವಿಷಯ ನನಗಿಂತ ನಿಮಗೆ ಗೊತ್ತು.

ಅವರು ಹತ್ತಿರ ಬಾಗಿ ಬೆರಳಲ್ಲಿ ಸವರಿ ನೋಡಿದರು. ಕೋರೆಹಲ್ಲಿನ ಗುರುತು ಹೀಗೆ ಇರುವುದಿಲ್ಲ, ಇದು ಬಾಚಿಹಲ್ಲಿನದೇ ಇರಬೇಕು, ಅದೂ ವಯಸ್ಸಾದ ನಾಯಿ ಎಂದು ತೀರ್ಮಾನ ಹೇಳಿದರು. ಗುರುವಾರ ನರ್ಸಮ್ಮ ಎಡಕ್ಕೆ ತಿರುಗಿಸುವಾಗ ಚಕ್ರವನ್ನು ಫುಟ್‌ಪಾತಿಗೆ ಉಜ್ಜಿದ್ದಳು. 

ಹನ್ನೊಂದಕ್ಕೆ ಸರಿಯಾಗಿ ಗೇಟಿನ ಚಿಲಕ ಸದ್ದು ಮಾಡಿತು. ಬಂದವರು ರಿಟೈರಾದ ಲೆಕ್ಕದ ಮೇಷ್ಟ್ರು, ಡಾಕ್ಟರ ಹಳೇ ರೋಗಿ. ಅವರ ಮುಂದಿನ ಎರಡು ಹಲ್ಲು ಡಾಕ್ಟರು ಕಟ್ಟಿದ್ದು. ಕೈ ಹಿಂದೆ ಕಟ್ಟಿಕೊಂಡು ಗಾಡಿಗೆ ಎರಡು ಸುತ್ತು ಹಾಕಿ, ಬಾನೆಟ್ಟಿನಲ್ಲಿ ತಮ್ಮ ಮುಖ ಕಂಡು ಹಿಂದೆ ಸರಿದರು.

ಮೇಷ್ಟ್ರು: ಆಕ್ಸಿಡೆಂಟ್ ಆಗಿತ್ತಾ ಡಾಕ್ಟ್ರೇ?

ಡಾಕ್ಟರು: ಯಾರಿಗೆ?

ಮೇಷ್ಟ್ರು: ಗಾಡಿಗೆ. ಏಳು ವರ್ಷದ ಗಾಡಿ ಹೀಗೆ ಹೊಳೆಯಲ್ಲ. ಎಲ್ಲೋ ಗುದ್ದಿಸಿ, ಹೊಸದಾಗಿ ಬಣ್ಣ ಹೊಡೆಸಿದೀರ.

ಡಾಕ್ಟರು: ಇದು ಬಂದಾಗಿನ ಬಣ್ಣ ಸ್ವಾಮೀ. ನಾನು ಕೈಯಾರೆ ತಿಕ್ಕಿದ ಹೊಳಪು.

ಮೇಷ್ಟ್ರು: ನನ್ನ ಹಲ್ಲು ಕಟ್ಟೋವಾಗ ನೀವೇ ಹೇಳಿದ್ರಿ, ಬಾಯಲ್ಲಿ ಯಾವ ಹಲ್ಲು ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತೋ ಅದೇ ಕಟ್ಟಿಸಿದ ಹಲ್ಲು ಅಂತ.

ಡಾಕ್ಟರು: ಅದು ಹಲ್ಲಿಗೆ ಹೇಳಿದ್ದು.

ಮೇಷ್ಟ್ರು: ನಾನು ಅದನ್ನ ಎಲ್ಲದಕ್ಕೂ ಇಟ್ಕೊಂಡಿದೀನಿ.

ಹೆಂಡತಿ: ಮೇಷ್ಟ್ರು ಹೇಳೋದು ನನಗೂ ಸರಿ ಅನ್ಸುತ್ತೆ.

ಡಾಕ್ಟರು ಅವಳನ್ನು ತಿನ್ನುವ ಹಾಗೆ ನೋಡಿದರು. ಅವಳಿಗೆ ಮಾತ್ರ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಗಿ ಆಡಿತು. ಮೇಷ್ಟ್ರು ಇನ್ನೇನು ಗೇಟಿನ ಕಡೆ ಹೊರಡಬೇಕು, ಅಷ್ಟರಲ್ಲಿ ಡಾಕ್ಟರ ರೋಷ ನೆತ್ತಿಗೇರಿತು.

ಡಾಕ್ಟರು: ನಿಲ್ಲಿ ಮೇಷ್ಟ್ರೇ. ಬಣ್ಣ ನಂಬಬೇಡಿ, ಮೀಟರ್ ನಂಬಿ. ಈ ಗಾಡಿ ಮುನ್ನೂರು ಕಿಲೋಮೀಟರ್ ದಾಟಿದ್ರೆ ನಿಮಗೆ ಸುಮ್ನೆ ಕೊಟ್ಟುಬಿಡ್ತೀನಿ. ಏಯ್, ಕೀ ಕೊಡು.

ಹೆಂಡತಿ: ಒಳಗಡೆ ಇನ್ನೂ ಗುಡಿಸಿಲ್ಲ.

ಡಾಕ್ಟರು: ಅವರು ಮೀಟರ್ ನೋಡೋದು, ಕಸ ಅಲ್ಲ.

ಹೆಂಡತಿ: ಕೀ ಎಲ್ಲಿಟ್ಟಿದೀನೋ ಹುಡುಕಬೇಕು.

ಮೇಷ್ಟ್ರು: ನಿಮ್ಮ ಕೈಯಲ್ಲೇ ಇದೆಯಲ್ಲಮ್ಮ.

ಇತ್ತು. ಬೆಳಗಿನಿಂದ ಮುಷ್ಟಿಯಲ್ಲಿ ಹಿಡಿದು ಹಿಡಿದು ಬೆವರಿತ್ತು. ಕೊಡದೆ ದಾರಿಯಿರಲಿಲ್ಲ, ಕೊಟ್ಟಳು. ಮೇಷ್ಟ್ರು ಸೀಟಿನ ತುದಿಯಲ್ಲಿ ಕೂತು, ಕೀ ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ ಬಾಗಿದರು.

ಮೇಷ್ಟ್ರು: ಅರವತ್ತೊಂದು ಸಾವಿರದ ಮುನ್ನೂರ ಇಪ್ಪತ್ತು.

ಡಾಕ್ಟರು: ಅದು ಇಂಜಿನ್ ನಂಬರ್ ಇರಬೇಕು.

ಮೇಷ್ಟ್ರು: ಕಿಲೋಮೀಟರ್ ಅಂತ ಪಕ್ಕದಲ್ಲೇ ಬರ್ದಿದೆ.

ಡಾಕ್ಟರು: ಯಾರೋ ಮೀಟರ್ ತಿದ್ದಿದಾರೆ.

ಮೇಷ್ಟ್ರು: ಮಾರೋರು ಕಮ್ಮಿ ಮಾಡಿಸ್ತಾರೆ. ಜಾಸ್ತಿ ಮಾಡಿಸಿದೋರನ್ನ ಇವತ್ತೇ ನೋಡ್ತಾ ಇರೋದು.

ಮೇಷ್ಟ್ರಿಗೆ ಒಂದು ಅಂಕಿ ಸಿಕ್ಕಿದ ಮೇಲೆ ಸುಮ್ಮನೆ ಬಿಡುವ ಅಭ್ಯಾಸವಿರಲಿಲ್ಲ. ಇಳಿದು ಬಂದವರೇ, ಬಾಗಿಲಿನ ಮೇಲೆ ಇನ್ನೂ ಒರೆಸದೆ ಬಿಟ್ಟಿದ್ದ ಬಿಳಿ ವ್ಯಾಕ್ಸಿನಲ್ಲಿ ಬೆರಳಿಟ್ಟು ಭಾಗಾಕಾರ ಶುರು ಮಾಡಿದರು. ಡಾಕ್ಟರು ಕಣ್ಣು ಮುಚ್ಚಿಕೊಂಡರು.

ಮೇಷ್ಟ್ರು: ವರ್ಷಕ್ಕೆ ಎಂಟು ಸಾವಿರದ ಏಳುನೂರ ಅರವತ್ತು. ಭಾನುವಾರ ತೊಳೀತೀರಿ, ಬಿಡೋಣ. ಉಳೀತು ಮುನ್ನೂರ ಹದಿಮೂರು ದಿನ. ದಿನಕ್ಕೆ ಇಪ್ಪತ್ತೆಂಟು. ಅಂದ್ರೆ ಹೋಗೋಕೆ ಹದಿನಾಲ್ಕು, ಬರೋಕೆ ಹದಿನಾಲ್ಕು. ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ ಏನಿದೆ?

ಹೆಂಡತಿ: ಹೋಗೋಕೆ ಆರು, ಬರೋಕೆ ಆರು. ಹದಿನಾರು ಮೈದಾನದಲ್ಲಿ ಸುತ್ತೋದು.

ಹೇಳಬಾರದೆಂದೇ ಇದ್ದಳು. ಆದರೆ ಏಳು ವರ್ಷ ಗೇಯ್ದ ಕೆಲಸವನ್ನು ಕಣ್ಣೆದುರೇ ತಪ್ಪು ಲೆಕ್ಕ ಹಾಕಿದರೆ ಹೇಗೆ ತಡೆಯುವುದು? ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದನ್ನೂ ಹೇಳಿಬಿಟ್ಟಳು: ತಂಗಿ, ಮೈದಾನ, ಮೆಕ್ಯಾನಿಕ್‌ನ ಬಾಯಿ ಮುಚ್ಚಿಸಿದ್ದು, ಎಲ್ಲ. ಡಾಕ್ಟರು ಬರಿ ನೀರಿನ ಬಕೆಟ್ಟಿನ ಬಟ್ಟೆಯನ್ನು ಸೋಪಿನ ನೀರಿಗೆ ಅದ್ದಿದರು. ಅದು ಅವರಿಗೇ ಗೊತ್ತಾಗಲಿಲ್ಲ.

ಡಾಕ್ಟರು: ಎಷ್ಟು ಜನ?

ಹೆಂಡತಿ: ಇಲ್ಲಿವರೆಗೆ ನೂರಾ ನಲವತ್ತು. ನೂರಾ ಮೂವತ್ತೊಂದು ಜನಕ್ಕೆ ಲೈಸೆನ್ಸ್ ಬಂದಿದೆ.

ಡಾಕ್ಟರು: ಮಿಕ್ಕ ಒಂಬತ್ತು?

ಹೆಂಡತಿ: ಆರು ಜನ ಈಗ ಕಲೀತಿದಾರೆ. ಮೂರು ಜನಕ್ಕೆ ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ.

ಡಾಕ್ಟರು: ಆ ನಾಯಿ?

ಹೆಂಡತಿ: ನರ್ಸಮ್ಮ.

ಡಾಕ್ಟರು: ಹಾಗಾದ್ರೆ ಏಳು ವರ್ಷದಿಂದ ನಾನು ತೊಳೆದ ಕೆಸರು…

ಹೆಂಡತಿ: ಮೈದಾನದ್ದು. ತಪ್ಪಾಯ್ತು ರೀ. ಮೊದಲೇ ಹೇಳಬೇಕಿತ್ತು. ಪ್ರತಿ ಭಾನುವಾರ ನೀವು ಇಲ್ಲಿ ಕೂತು ಕೆರೆಯೋದನ್ನ ನೋಡಿದಾಗೆಲ್ಲ ಇವತ್ತು ಹೇಳಿಬಿಡೋಣ ಅನ್ಸೋದು. ಆದ್ರೂ ಸೋಮವಾರ ಬಂದ್ರೆ ಹೋಗ್ತಿದ್ದೆ.

ಮೇಷ್ಟ್ರು ಮೆಲ್ಲಗೆ ಕೆಮ್ಮಿದರು. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಮುನ್ನೂರು ಕಿಲೋಮೀಟರಿನ ಮಾತು ನೆನಪಾಯಿತು. 

ಮೇಷ್ಟ್ರು: ಮುನ್ನೂರು ದಾಟಿದ್ರೆ ಸುಮ್ನೆ ಕೊಡ್ತೀನಿ ಅಂದ್ರಿ.

ಡಾಕ್ಟರು: ಅಂದೆ.

ಮೇಷ್ಟ್ರು: ನೂರಾ ನಲವತ್ತು ಜನ ಕ್ಲಚ್ ತುಳಿದ ಗಾಡಿ. ಸುಮ್ನೆ ಕೊಟ್ರೂ ಬೇಡ ಡಾಕ್ಟ್ರೇ. ಅಮ್ಮ, ನಿಮ್ಮ ಫೋನ್ ನಂಬರ್ ಕೊಡಿ, ನನ್ನ ಸೊಸೆ ಕಲೀಬೇಕು ಅಂತಿದ್ಲು.

ನಂಬರು ಬರೆದುಕೊಂಡು ಮೇಷ್ಟ್ರು ಹೊರಟುಹೋದರು. ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಡಾಕ್ಟರು ಬಾಗಿಲ ಮೇಲಿನ ಭಾಗಾಕಾರವನ್ನು ಮೂಲೆಯಿಂದ ಒರೆಸುತ್ತ ಬಂದರು. ಬೈದುಬಿಡಲಿ ಎಂದು ಅವಳು ಕಾದಳು. ಇಪ್ಪತ್ತೆಂಟು ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿದ ಮೇಲೆ ಅವರು ಅವಳ ಮುಖ ನೋಡದೆಯೇ ಬಾಯಿ ಬಿಟ್ಟರು.

ಡಾಕ್ಟರು: ಊರಿಗೆಲ್ಲ ಹೇಳಿಕೊಟ್ಟೆ. ಮನೇಲಿರೋನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?

ಹೆಂಡತಿ: ಏನಂತ?

ಡಾಕ್ಟರು: ಓಡಿಸೋಕೆ ಬರುತ್ತಾ ಅಂತ.

ಹೆಂಡತಿ: ಬರುತ್ತಲ್ಲ? ನಿಮಗೆ ಲೈಸೆನ್ಸ್ ಇದೆ.

ಡಾಕ್ಟರು: ಲೈಸೆನ್ಸ್ ಇದೆ. ಧೈರ್ಯ ಇಲ್ಲ. ಗಾಡಿ ಬಂದ ದಿನ ಒಳಗೆ ಕೂತು ಸ್ಟಾರ್ಟ್ ಮಾಡಿದೆ ಕಣೇ. ಕ್ಲಚ್ಚಿಂದ ಕಾಲು ತೆಗೆಯೋಕೇ ಆಗಲಿಲ್ಲ. ಇವತ್ತು ಬೇಡ, ಮೊದಲು ಒಂದ್ಸಲ ತೊಳೆದುಬಿಡೋಣ ಅಂದ್ಕೊಂಡು ಇಳಿದೆ. ಅಲ್ಲಿಂದ ತೊಳೀತಾನೇ ಇದೀನಿ.

ಅವಳು ಅವರನ್ನು ನೋಡಿದಳು. ಮೊಣಕೈವರೆಗೆ ಸೋಪು, ಮೂಗಿನ ಮೇಲೆ ಚೂರು ವ್ಯಾಕ್ಸು. ಏಳು ವರ್ಷ ಹೊತ್ತಿದ್ದ ಭಾರದಲ್ಲಿ ಅರ್ಧ ಈ ಮನುಷ್ಯನದೂ ಇತ್ತು ಎಂದು ತಿಳಿದು ನಗು ಬಂತು, ನಗಲಿಲ್ಲ. ಹೊಸಬರು ಬಂದಾಗ ನಗಬಾರದು ಎಂಬುದು ಅವಳ ಕ್ಲಾಸಿನ ನಿಯಮ. ಡ್ರೈವರ್ ಬಾಗಿಲು ತೆಗೆದು ಹಿಡಿದಳು. ಅವರು ಕೈ ಒರೆಸಿಕೊಂಡು, ಕೂತು, ಸ್ಟೀರಿಂಗನ್ನು ಎರಡು ಬೆರಳಲ್ಲಿ ಮುಟ್ಟಿದರು. ಅವಳು ಸುತ್ತಿಬಂದು ಪಕ್ಕದ ಸೀಟಿನಲ್ಲಿ ಕೂತಳು. ಅಷ್ಟು ಹೊತ್ತಿಗೆ ಅವರ ಮುಖ ಬಿಳಿಚಿಕೊಂಡಿತ್ತು. ಕ್ಲಿನಿಕ್ಕಿನ ಕುರ್ಚಿಯಲ್ಲಿ, ಸೂಜಿ ಕಂಡು ಎಷ್ಟೋ ಜನ ಅವರನ್ನು ಕೇಳಿದ ಮಾತನ್ನೇ ಈಗ ಅವರು ಕೇಳಿದರು.

ಡಾಕ್ಟರು: ಏನೂ ಆಗಲ್ಲ ತಾನೆ?

ಹೆಂಡತಿ: ಏನೂ ಆಗಲ್ಲ. ಇರುವೆ ಕಚ್ಚಿದ ಹಾಗೆ, ಅಷ್ಟೆ. ಬಾಯಿ ಮುಚ್ಕೊಂಡು ಕಣ್ಣು ತೆಗೀರಿ.