ಮಾಂಸ ಬೇಡ ಅನ್ನೋಕೆ ಅಲ್ಬೇನಿಯನ್ ಕಲಿತೆ

ಗೊತ್ತಿಲ್ಲದ ಭಾಷೆಯಲ್ಲಿ ಊಟ ಕೇಳಲು ಹೊರಟವರಿಗೆ ಪೇಚು ತಪ್ಪಿದ್ದಲ್ಲ. ನನಗಂತೂ ವಾರಕ್ಕೊಂದು ಖಾತ್ರಿ. ಮನೆ ಫ್ಲೋರಲ್ ಪಾರ್ಕ್, ಕೆಲಸ ಬ್ರಾಂಕ್ಸಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಬೆಳಗಿನ ಗಡಿಬಿಡಿಯಲ್ಲಿ ಊಟದ ಡಬ್ಬಿ ಮರೆತರೆ ಎದುರುಗಡೆಯ ಫುಡ್ ಟ್ರಕ್ಕೇ ಗತಿ. ಅದನ್ನು ನಡೆಸುವವರು ಅಲ್ಬೇನಿಯಾದ ಒಬ್ಬ ಆಂಟಿ. ಮಾರುವುದು ಬ್ಯುರೆಕ್, ಅಂದರೆ ತೆಳ್ಳನೆಯ ಪದರಗಳ ನಡುವೆ ಪಾಲಕ್, ಚೀಸ್ ಇಲ್ಲವೇ ಮಾಂಸ ಇಟ್ಟು ಬೇಯಿಸಿದ ತಿಂಡಿ. ಹೊರಗಿನಿಂದ ಮೂರೂ ಒಂದೇ ಥರ. ಆಂಟಿಗೆ ಇಂಗ್ಲಿಷ್ ಬಾರದು, ನನಗೆ ಮಾಂಸ ಆಗದು. ಕಲಿಯಬೇಕಾದವಳು ನಾನೇ. ಲ್ಯಾಬಿನಲ್ಲಿ ಒಬ್ಬ ಅಲ್ಬೇನಿಯನ್ ಗೆಳತಿ ಇದ್ದಾಳೆ, ಅವಳೇ ಗುರು.

ತಲೆ ಅಲ್ಲಾಡಿಸಿದ್ದು

'ಮಿಷ್' ಅಂದರೆ ಮಾಂಸ. ಮೊದಲ ಪಾಠ ಅಷ್ಟೇ. ಆಂಟಿ ಒಂದು ಟ್ರೇ ತೋರಿಸಿ, "ಮಿಷ್?" ಅಂದರು. ನಾನು ಬೇಡವೆಂದು ತಲೆ ಅಡ್ಡಡ್ಡ ಆಡಿಸಿದೆ. ಅವರು ಖುಷಿಯಿಂದ ಒಂದು ತುಂಡು ಕಟ್ಟಿದರು. ಗಾಬರಿಯಾಗಿ ಇನ್ನೂ ಜೋರಾಗಿ ಆಡಿಸಿದೆ. ಇನ್ನೊಂದು ಕಟ್ಟಿದರು. ಕತ್ತು ನೋಯುವ ಹೊತ್ತಿಗೆ ಆರು ತುಂಡಾಗಿತ್ತು. ಅವರ ಕಡೆಯ ಹಿರಿಯರು ತಲೆ ಅಡ್ಡಡ್ಡ ಆಡಿಸಿದರೆ ಹೂಂ ಅಂತ ಅರ್ಥವಂತೆ. ಗೆಳತಿ ಆಮೇಲೆ ಹೇಳಿದಳು. ಅವತ್ತು ಇಡೀ ಲ್ಯಾಬಿಗೆ ನನ್ನ ಕಡೆಯಿಂದ ಊಟ. ನನಗೆ ಬಾಳೆಹಣ್ಣು.

ಪೋ

ತಲೆಯ ಸಹವಾಸವೇ ಬೇಡವೆಂದು ಮರುವಾರ ಪಾಲಕ್ ಟ್ರೇಗೆ ಬೆರಳು ತೋರಿಸಿದೆ. ಆಂಟಿ ನಗುತ್ತಾ, "ಪೋ, ಪೋ" ಅಂದರು. ನಾನು ಬೆಳೆದದ್ದು ಬೆಂಗಳೂರಿನ ಹಲಸೂರಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲೆಲ್ಲ ತಮಿಳು. ಪೋ ಅಂದರೆ ತೊಲಗು ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋದ ವಾರ ಆರು ತುಂಡು ಕೊಂಡವಳಿಗೆ ಈ ಮರ್ಯಾದೆಯೇ ಅಂತ ಮುಖ ಊದಿಸಿಕೊಂಡು ಹೊರಟೆ. ಹಿಂದಿನಿಂದ ಪೊಟ್ಟಣ ಹಿಡಿದು ಆಂಟಿ ಓಡಿಬಂದರು. ಅಲ್ಬೇನಿಯನ್ನಿನಲ್ಲಿ ಪೋ ಅಂದರೆ ಹೌದು ಅಂತ. ಅವರು ಹೌದು ಹೌದು ಅನ್ನುತ್ತಾ ಬಂದಷ್ಟೂ ನಾನು ಹೆಜ್ಜೆ ಬಿರುಸು ಮಾಡುತ್ತಿದ್ದೆ.

ಮಂತ್ರ

'ಪಾ ಮಿಷ್' ಅಂದರೆ ಮಾಂಸವಿಲ್ಲದ್ದು. ಅದನ್ನು ಬಾಯಿಗೆ ಕೂರಿಸಲು ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಹೇಳಿಕೊಳ್ಳುತ್ತಿದ್ದೆ. ಮಗಳು ಹೆಡ್‌ಫೋನ್ ಹಾಕಿಕೊಂಡಳು. ಧಾರವಾಡದಿಂದ ಬಂದಿದ್ದ ಅತ್ತೆ ಮಾತ್ರ ಸ್ವಲ್ಪ ಹೊತ್ತು ಕೇಳಿ, "ಯಾವ ಮಂತ್ರ ಇದು? ಫಲ ಏನು?" ಅಂದರು. ಹೇಳುತ್ತಾ ಇದ್ದರೆ ಮಾಂಸವಿಲ್ಲದ ಊಟ ಸಿಗುತ್ತದೆ ಅಂದೆ.

"ಈ ದೇಶದಾಗ ಇದಕ್ಕಿಂತ ದೊಡ್ಡ ಮಂತ್ರ ಇಲ್ಲವ್ವಾ, ಬಿಡಬ್ಯಾಡ" ಅಂದರು.

ಚೀಸ್ ಕೇಳಿದ್ದು

ಇಷ್ಟೆಲ್ಲ ಆದಮೇಲೆ ಪೂರ್ತಿ ವಾಕ್ಯವೇ ಕಲಿತೆ: "ನ್ಯ ಬ್ಯುರೆಕ್ ಮೆ ದ್ಯಾಥ್." ಚೀಸ್ ಇರುವ ಒಂದು ಬ್ಯುರೆಕ್. ಪರೀಕ್ಷೆ ನೋಡಲು ಗೆಳತಿಯೂ ಜೊತೆಗೆ ಬಂದಳು. ಮಧ್ಯಾಹ್ನದ ಹೊತ್ತು, ಉದ್ದನೆ ಲೈನು, ಅರ್ಧಕ್ಕರ್ಧ ಅವರ ದೇಶದವರೇ. ನನ್ನ ಸರದಿ ಬಂತು. ನಾಲಿಗೆ ಒಂದಿಷ್ಟು ಜಾರಿತು, ದ್ಯಾಥ್ ಹೋಗಿ ದ್ಯಾಲ್ ಬಂತು.

ಲೈನಿಗೆ ಲೈನೇ ನಕ್ಕಿತು. ಗೆಳತಿ ಕಣ್ಣೊರೆಸಿಕೊಳ್ಳುತ್ತಾ ಕಿವಿಯಲ್ಲಿ ಹೇಳಿದಳು: ದ್ಯಾಲ್ ಅಂದರೆ ಗಂಡು ಹುಡುಗ. ಒಂದು ಬ್ಯುರೆಕ್ಕು, ಜೊತೆಗೊಬ್ಬ ಗಂಡು ಬೇಕು ಅಂತ ಕೇಳಿದ್ದೆ.

ಆಂಟಿ ಮಾತ್ರ ನಗಲಿಲ್ಲ. ಕೈ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಒಳಗೆ ತಿರುಗಿ ಯಾರನ್ನೋ ಕೂಗಿದರು. ಓವನ್ನಿನ ಪಕ್ಕದಿಂದ ಮೂವತ್ತೈದರ ಆಸುಪಾಸಿನ ಒಬ್ಬ ಎದ್ದು ನಿಂತ, ಮೊಣಕೈವರೆಗೆ ಹಿಟ್ಟು. ಆಂಟಿಯ ಮಗ. ನಾನು ಅವಸರವಸರವಾಗಿ ತಾಳಿ ಹೊರಗೆ ತೆಗೆದು ತೋರಿಸಿದೆ. ಅದೇನೆಂದು ಗೆಳತಿ ವಿವರಿಸಿದಳು. ಆಂಟಿಯ ಮುಖ ಸಣ್ಣಗಾಯಿತು. ನಾನು ಮಗನ ಹತ್ತಿರ ಸಾರಿ ಸಾರಿ ಅಂದೆ.

ಅವನು ಅಚ್ಚ ಬ್ರಾಂಕ್ಸ್ ಇಂಗ್ಲಿಷಿನಲ್ಲಿ ಹೇಳಿದ: "ಪರವಾಗಿಲ್ಲ ಮೇಡಂ. ಎರಡು ವರ್ಷದಿಂದ ಅಮ್ಮ ಕಂಡಕಂಡವರಿಗೆಲ್ಲ ನನ್ನನ್ನ ಕೊಡ್ತೀನಿ ಅಂತಿದ್ದಾಳೆ. ತಾವಾಗಿ ಬಂದು ಕೇಳಿದವರು ನೀವೊಬ್ಬರೇ."