ಕೈಗೇ ಕೊಟ್ಟುಬಿಟ್ಟ ಚಾಕು

ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುವ ಗಂಡಸರೆಲ್ಲ ಶೂರರೆಂದು ನೀವು ನಂಬಿದ್ದರೆ, ನನ್ನನ್ನೊಮ್ಮೆ ನೋಡಬೇಕು. ನಾನು ಜಿರಲೆ ಕಂಡರೆ ಮಂಚ ಹತ್ತುವವನು. ಆದರೂ ಎಪ್ಪತ್ತರ ದಶಕದ ಕೊನೆಯಲ್ಲಿ, ಜಗಳೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ, ನನ್ನ ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತಿತ್ತು. ಕಾರಣ ಸ್ನೇಹ. ಗಣಿತದ ರುದ್ರಪ್ಪನವರಿಗೂ ಡ್ರಿಲ್ ಮೇಷ್ಟ್ರು ಬಸಣ್ಣನವರಿಗೂ ಚಾಕುವಿನ ಹುಚ್ಚು. ಹೊನ್ನಾಳಿ ಸಂತೆಗೆ ಹೋದವರು ಹಿತ್ತಾಳೆ ಹಿಡಿಯದ್ದು ತರುವರು, ನ್ಯಾಮತಿಗೆ ಹೋದವರು ಕಮ್ಮಾರನ ಹತ್ತಿರ ಕೊಂಬಿನ ಹಿಡಿಯದ್ದು ಮಾಡಿಸುವರು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚುವ ಮೊದಲು ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ಅಲಗು ನೋಡುತ್ತಿದ್ದೆವು. ಆಮೇಲೆ ಅವರ ಚಾಕುಗಳು ಸೌತೆಕಾಯಿ, ಈರುಳ್ಳಿ ಕೊಯ್ಯುತ್ತಿದ್ದವು. ನನ್ನದು ಸುಮ್ಮನೆ ಹೊಳೆಯುತ್ತಿತ್ತು. ಅದನ್ನು ಬಿಚ್ಚುವಷ್ಟರಲ್ಲಿ ನನ್ನ ಉಗುರು ಕಿತ್ತು ಬರುತ್ತಿತ್ತು, ಬಿಚ್ಚಿದ ಮೇಲೆ ಮೊಂಡು.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ. ಮೇಜಿನ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಒಂದು ದಿನ ರುದ್ರಪ್ಪನವರು ತಮ್ಮ ಚಾಕು ಮನೆಯಲ್ಲೇ ಮರೆತು ಬಂದು ನನ್ನದು ಕೇಳಿದರು. ಏನೋ ಓದುತ್ತಿದ್ದವನು ತಲೆ ಎತ್ತದೆ ಅವರ ಅಂಗೈಗೇ ಇಟ್ಟೆ.

"ಅಯ್ಯಯ್ಯೋ, ಕೈಗೇ ಕೊಟ್ಬಿಟ್ರಲ್ರೀ ಮೇಷ್ಟ್ರೇ!" ಎಂದರು ಬಸಣ್ಣ.

ನಾನು ನಕ್ಕೆ. ಆದರೆ ಒಳಗೊಳಗೇ ಹೆದರಿದೆ. ಪರವೂರಿನಿಂದ ಬಂದ ನನಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವರು ರುದ್ರಪ್ಪ ಒಬ್ಬರೇ; ಅವರನ್ನು ಕಳೆದುಕೊಂಡರೆ ಗತಿಯೇನು? ಅವರಿಗೂ ಅದೇ ಭಯವಿರಬೇಕು. ಅಂದಿನಿಂದ ಇಬ್ಬರೂ ಬೀಗರಂತೆ ಮರ್ಯಾದೆ ಕೊಡತೊಡಗಿದೆವು. ಬೆಲ್ ಹೊಡೆದರೆ "ನೀವು ನಡೀರಿ", "ಛೇ, ನೀವು ಮುಂದೆ ನಡೀರಿ" ಎಂದು ಬಾಗಿಲಲ್ಲೇ ನಿಂತು, ಹೆಡ್‌ಮಾಸ್ಟರ ಕೈಲಿ ಬೈಸಿಕೊಂಡೆವು.

ಕೊನೆಗೆ ಬಸಣ್ಣ ಉಪಾಯ ಹೇಳಿದರು. "ಹಿಂಗೆ ಹೆದರ್ಕೊಂಡು ಎಷ್ಟು ದಿನ ಇರ್ತೀರಿ? ಈಗ್ಲೇ ಸುಳ್ಳುಸುಳ್ಳೇ ಒಂದು ಜಗಳ ಆಡಿ ಮುಗಿಸಿಬಿಡ್ರಿ."

ಸರಿ ಎಂದು ನಾನೇ ಶುರು ಮಾಡಿದೆ. "ನಿಮ್ಮ ಮೀಸೆ ಸೊಟ್ಟಗಿದೆ ಕಣ್ರೀ."

"ನಿಮ್ಮ ಚಾಕು ಬೆನ್ನು ಕೆರಕೊಳ್ಳಾಕೆ ಲಾಯಕ್ಕು ಐತೆ" ಎಂದರು ರುದ್ರಪ್ಪ.

ಬಸಣ್ಣ ಮೇಜು ಬಡಿದು ನಕ್ಕರು. ನನಗೆ ಮಾತ್ರ ಉರಿದುಹೋಯಿತು. ಸೊಟ್ಟ ಮೀಸೆ ನಾನು ಕಟ್ಟಿ ಹೇಳಿದ್ದು, ಮೊಂಡು ಚಾಕು ನಿಜವಾಗಿತ್ತು! ಚಾಕು ಮಡಚಿ ಜೇಬಿಗಿಟ್ಟು ಎದ್ದುಹೋದೆ. ಒಂದು ವಾರ ಮಾತಿಲ್ಲ. ಮೂಲೆಯಲ್ಲಿ ಒಬ್ಬನೇ ಕೂತು ಈರುಳ್ಳಿಯನ್ನು ಹಲ್ಲಿನಲ್ಲೇ ಕಚ್ಚಿ ತಿಂದೆ. ಕಣ್ಣಲ್ಲಿ ನೀರು ಬಂದರೆ ತಪ್ಪನ್ನು ಈರುಳ್ಳಿಯ ಮೇಲೆ ಹಾಕುತ್ತಿದ್ದೆ.

ಮನೆಯಲ್ಲಿ ಹೆಂಡತಿಗೆ, ಎಲ್ಲ ಆ ಚಾಕು ಕೈಗೆ ಕೊಟ್ಟದ್ದರಿಂದ ಆದದ್ದು ಎಂದು ಗೋಳಾಡಿದೆ.

ಅವಳು ಅಕ್ಕಿ ಆರಿಸುತ್ತಲೇ, "ಮದುವೆಯಾದಾಗಿನಿಂದ ನಾನು ನಿಮ್ಮ ಕೈಗೆ ಒಂದು ಚಾಕೂ ಕೊಟ್ಟಿಲ್ಲ. ನಮ್ಮ ಜಗಳಕ್ಕೆಲ್ಲ ಏನು ಕಾರಣ?" ಎಂದಳು.

ಮರುದಿನ ಹೋಗಿ ಚಾಕುವನ್ನು ರುದ್ರಪ್ಪನವರ ಮುಂದಿಟ್ಟೆ. "ಸ್ವಲ್ಪ ಮಸೆದು ಕೊಡ್ತೀರೇನ್ರೀ?"

"ಇಷ್ಟು ದಿನ ಕೇಳಾಕೆ ಏನಾಗಿತ್ತು ನಿಮಗೆ?" ಎಂದು ಗದರಿದರು. ಆದರೆ ಅಷ್ಟರಲ್ಲಾಗಲೇ ಚಾಕು ಎತ್ತಿಕೊಂಡಿದ್ದರು. ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಮಸೆದು ತಂದು, ಎಚ್ಚರದಿಂದ ಮೇಜಿನ ಮೇಲಿಟ್ಟರು. ನಾನು ಠೀವಿಯಿಂದ ಎತ್ತಿಕೊಂಡು ಸೌತೆಕಾಯಿಗೆ ಹಚ್ಚಿದೆ. ಅದು ಸೌತೆಕಾಯಿ ದಾಟಿ ಸೀದಾ ನನ್ನ ಹೆಬ್ಬೆರಳಿಗೆ ಬಂತು.

ರುದ್ರಪ್ಪನವರು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದು ಕರ್ಚೀಫು ಸುತ್ತಿದರು. "ಇನ್ಮೇಲೆ ಕೊಯ್ಯೋದು ನಾವು ನೋಡ್ಕೋತೀವಿ. ನೀವು ಚಾಕು ತೋರಿಸ್ಕೊಂಡು ಕೂತ್ಕೊಳ್ರಿ."

ತಕ್ಷಣ ಒಪ್ಪಿದೆ. ನನಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ ಕೆಲಸ.