ಟ್ಯಾಂಕಿಗೆ ಬೆನ್ನು ಹಾಕಿದ ಕಚೇರಿ

ಗೊತ್ತಿರುವ ಸತ್ಯವನ್ನು ಮುಚ್ಚಿಡುವ ಸರ್ಕಾರಿ ನೌಕರರಿಗೆ ಜೈಲು ಎಂಬ ಕಾನೂನು ನಮ್ಮ ಊರಿನಲ್ಲಿ ಜಾರಿಯಲ್ಲಿದೆ. ಹಿಂದೊಮ್ಮೆ ನೀರು ಕೆಟ್ಟು ಜನ ಸತ್ತಾಗ ನೀರಿನ ಕಚೇರಿ ವಿಷಯ ಮುಚ್ಚಿಟ್ಟಿತ್ತು. ಕಾನೂನು ಬಂದದ್ದು ಅದಕ್ಕೇ. ಶಿಕ್ಷೆ ಇರುವುದು ಗೊತ್ತಿದ್ದವರಿಗೆ ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು. ಕಚೇರಿಯವರು ಗಮನಿಸಿದರು.

ಅಂದಿನಿಂದ ಅಲ್ಲಿ ಯಾರೂ ಏನನ್ನೂ ತಿಳಿದುಕೊಳ್ಳುವುದಿಲ್ಲ. ಎಂಜಿನಿಯರು ಟ್ಯಾಂಕಿನ ತಪಾಸಣೆಗೆ ತಪ್ಪದೆ ಹೋಗುತ್ತಾರೆ, ಹೋಗಿ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. (ಟ್ಯಾಂಕು ಎಂದರೆ ಬಸ್ ನಿಲ್ದಾಣದ ಹಿಂದಿನ ದೊಡ್ಡದು, ಸಣ್ಣದು ಖಾಲಿ.) ಕಚೇರಿಗೆ ಕುಡಿಯುವ ನೀರು ಪಕ್ಕದ ಊರಿನಿಂದ ಕ್ಯಾನುಗಳಲ್ಲಿ ಬರುತ್ತದೆ. ಯಾಕೆಂದು ಅವರಿಗೂ ಗೊತ್ತಿಲ್ಲ.

ಹೀಗಿರುವಾಗ ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮಗಳು ನೀರು ಕುಡಿದು, ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದಳು. ನೀರಿನಲ್ಲಿ ಏನು ಬೆರೆತಿದೆಯೆಂದು ತಿಳಿದರೆ ತಕ್ಕ ಔಷಧಿ ಕೊಡಬಹುದು, ಆದರೆ ಅದನ್ನು ನೀರಿನ ಕಚೇರಿಯವರೇ ಹೇಳಬೇಕು, ಹೊರಗಿನವರ ಮಾತು ನಡೆಯದು ಎಂದರು ಡಾಕ್ಟರು. ಅವರೂ ಸರ್ಕಾರಿ ನೌಕರರೇ.

ಹೆಂಗಸು ತಾನೇ ಟ್ಯಾಂಕು ಹತ್ತಿ ಇಣುಕಿದಳು. ಕಚೇರಿಯದೇ ಸೊಳ್ಳೆ ಔಷಧಿಯ ಡಬ್ಬವೊಂದು ಬಾಯಿ ತೆರೆದು ತೇಲುತ್ತಿತ್ತು. ಇಳಿದವಳೇ ನೆಟ್ಟಗೆ ಎಂಜಿನಿಯರರ ಮೇಜಿನ ಮುಂದೆ ನಿಂತಳು.

"ಸಾರ್, ಟ್ಯಾಂಕಲ್ಲಿ..."

"ಹೇಳ್ಬೇಡ ತಾಯಿ," ಎಂದು ಅವರು ಕಿವಿ ಮುಚ್ಚಿಕೊಂಡರು. "ನೀನು ಹೇಳಿದ್ರೆ ನಂಗೆ ಗೊತ್ತಾಗ್ಬಿಡುತ್ತೆ. ನಂಗೂ ಹೆಂಡ್ತಿ ಮಕ್ಕಳಿದ್ದಾರೆ."

"ನಂಗಿರೋದು ಒಬ್ಳೇ ಮಗಳು ಸಾರ್."

ಎಂಜಿನಿಯರು ಕೆಟ್ಟವರಲ್ಲ. ಇದನ್ನು ಹೇಳದಿದ್ದರೆ ಓದುಗರು ತಪ್ಪು ತಿಳಿಯಬಹುದು. ಸ್ವಲ್ಪ ಯೋಚಿಸಿ, ಆಕೆಯನ್ನೇ ಟ್ಯಾಂಕು ತೊಳೆಯುವ ಹುದ್ದೆಗೆ ತಾತ್ಕಾಲಿಕವಾಗಿ ನೇಮಿಸಿದರು. ಕಚೇರಿಯವಳಾದ್ದರಿಂದ ಈಗ ಆಕೆಯ ಮಾತಿಗೆ ಬೆಲೆ ಬಂತು. ಆಕೆ ಆಸ್ಪತ್ರೆಗೆ ಓಡಿ ಡಬ್ಬದ ವಿಷಯ ಹೇಳಿದಳು, ಬಂದು ಟ್ಯಾಂಕನ್ನೂ ತೊಳೆದಳು. ಮರುದಿನ ಮಗಳು ಕಣ್ಣು ಬಿಟ್ಟಳು.

ಕಾನೂನೂ ಕಣ್ಣು ಬಿಟ್ಟಿತು. ನೀರು ಕೆಟ್ಟದ್ದು ಇಡೀ ಕಚೇರಿಯಲ್ಲಿ ಗೊತ್ತಿದ್ದದ್ದು ಒಬ್ಬ ನೌಕರಳಿಗೆ. ಆಕೆ ಊರಿಗೆ ಸಾರುವುದನ್ನು ಬಿಟ್ಟು ಮೊದಲು ಮಗಳ ಬಳಿ ಹೋಗಿದ್ದಳು. ಅಷ್ಟು ಹೊತ್ತು ಸತ್ಯವನ್ನು ಮುಚ್ಚಿಟ್ಟಂತಾಯಿತು.

ವಿಚಾರಣೆಗೆ ಬಂದ ಅಧಿಕಾರಿ, ಇದು ನಿಜವೇ ಎಂದು ಕೇಳಿದರು.

"ನಿಜ ಸ್ವಾಮಿ," ಎಂದಳು. "ಮಗಳು ಎದ್ದು ಕೂತವ್ಳೆ. ಏನು ಬರ್ಕೋತೀರೋ ಬರ್ಕೊಳ್ಳಿ."

ಆಕೆಯ ಪ್ರಾಮಾಣಿಕತೆಯನ್ನು ಅಧಿಕಾರಿ ಮೆಚ್ಚಿ ಜೈಲಿಗೆ ಕಳಿಸಿದರು. ಅಂತೂ ಕಾನೂನಿಗೆ ಒಬ್ಬರಾದರೂ ಸಿಕ್ಕಿಬಿದ್ದರಲ್ಲ ಎಂದು ಊರಿಗೆ ಸಮಾಧಾನವಾಯಿತು. ಇನ್ನು ಮಗಳನ್ನು ನೋಡಿಕೊಳ್ಳುವವರು ಯಾರೆಂದು ಅಧಿಕಾರಿ ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು.